ಕುಂಜುಮ್ ಇಳಿಯುವಾಗ ಗಾಡಿ ಆಫ್: ಎತ್ತರದ ದಾರಿಯಲ್ಲಿ ದೋಷ ಹುಡುಕುವ ಬಗೆ

ಹಿಮಾಚಲದ ಸ್ಪಿತಿ ದಾರಿಯಲ್ಲಿ ಕುಂಜುಮ್ ಲಾ ಅನ್ನುವ ಎತ್ತರದ ಘಾಟಿ ದಾಟಿ ಲೋಸರ್ ಹಳ್ಳಿಯ ಕಡೆಗೆ ಏಳೆಂಟು ಕಿಲೋಮೀಟರ್ ಇಳಿದಿದ್ದೆ. ಗಾಡಿ ಎರಡು ಸಲ ಕೆಮ್ಮಿ ಆಫ್ ಆಯಿತು. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ 350 ಸಿಸಿ ಬೈಕ್ ಅದು. ಬೆಳಿಗ್ಗೆ ಚಂದ್ರತಾಲ್ ಕ್ಯಾಂಪಿನಿಂದ ಹೊರಟು ಕುಂಜುಮ್ ಏರುವವರೆಗೂ ಒಂದು ತಕರಾರು ಮಾಡಿರಲಿಲ್ಲ. ಜೊತೆಗಿದ್ದ ಗೆಳೆಯ, "ಹೈಟ್ ಮಗಾ, ಹೈಟು. ಗಾಡಿಗೂ ಉಸಿರು ಕಟ್ತಿದೆ" ಅಂದ. ನಾನೂ ತಲೆಯಾಡಿಸಿದೆ.

ಕಿಡಿ ಕೊಡುವ ಪ್ಲಗ್ ಬಿಚ್ಚಿದೆ, ಉಪ್ಪುಕಾಗದದಲ್ಲಿ ಉಜ್ಜಿದೆ, ಹಾಕಿದೆ. ಏರ್ ಫಿಲ್ಟರ್ ತೆಗೆದು ಕೊಡವಿದೆ. ಅರ್ಧ ಗಂಟೆ ಬಿಸಿಲಲ್ಲಿ ಇದೇ ಕೆಲಸ. ಆಮೇಲೆ ಕಿಕ್ ಹೊಡೆದರೆ ಸ್ಟಾರ್ಟ್! ಪ್ಲಗ್ಗೇ ಕಾರಣ ಅಂತ ಖುಷಿಯಲ್ಲಿ ಹೊರಟರೆ ಒಂದು ಕಿಲೋಮೀಟರ್ ಆದ ಮೇಲೆ ಮತ್ತೆ ಅದೇ ಕೆಮ್ಮು. ಹೊಸ ಪ್ಲಗ್ ಹಾಕಿದೆ. ಕಾರ್ಬೊರೇಟರ್‌ಗೆ ಕೈ ಹಾಕಿದೆ. ಆ ಗಾಳಿಯಲ್ಲಿ ಒಂದು ಚಿಕ್ಕ ತಿರುಪು ಹಾರಿ ಕಲ್ಲಿನ ಸಂದಿಗೆ ಬಿತ್ತು. ಅದನ್ನು ಹುಡುಕಿದ್ದೇ ಇಪ್ಪತ್ತು ನಿಮಿಷ.

ಕೆಳಗಿನಿಂದ ಬಂದ ಲಾರಿ ಡ್ರೈವರ್ ಒಬ್ಬರು ನಿಲ್ಲಿಸಿದರು. ಪಾನಾ ಕೇಳಲಿಲ್ಲ, ಪ್ಲಗ್ ನೋಡಲಿಲ್ಲ. "ಟಂಕಿ ಕಾ ಢಕ್ಕನ್ ಖೋಲೋ" ಅಂದರು. ಪೆಟ್ರೋಲ್ ಕ್ಯಾಪ್ ತಿರುಗಿಸಿದೆ. ಸ್ಸ್ಸ್ ಅಂತ ಗಾಳಿ ಒಳಗೆ ನುಗ್ಗಿತು. ಎರಡನೇ ಕಿಕ್‌ಗೆ ಸ್ಟಾರ್ಟ್.

ತಪ್ಪು ನನ್ನದೇ. ಕ್ಯಾಪಿನ ರಬ್ಬರ್ ವಾಷರ್ ಹಳತಾಗಿ ಪೆಟ್ರೋಲ್ ತುಳುಕುತ್ತಿತ್ತು. ಕುಂಜುಮ್ ಮೇಲೆ ಕ್ಯಾನಿನಿಂದ ಪೆಟ್ರೋಲ್ ಸುರಿದ ಮೇಲೆ, ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಪ್ಲಾಸ್ಟಿಕ್ ಕವರನ್ನು ಚೌಕವಾಗಿ ಕತ್ತರಿಸಿ ಕ್ಯಾಪಿನ ಅಡಿಗೆ ಇಟ್ಟು ಬಿಗಿದಿದ್ದೆ. ತುಳುಕುವುದು ನಿಂತಿತು. ಜೊತೆಗೆ ಕ್ಯಾಪಿನ ಸಣ್ಣ ತೂತಿನಿಂದ ಟ್ಯಾಂಕಿಗೆ ಗಾಳಿ ಹೋಗುವುದೂ ನಿಂತಿತು.

ಎರಡು ಗಂಟೆ ಹಾಳಾಗಿದ್ದಕ್ಕೆ ಕಾರಣ ಕವರ್ ಅಲ್ಲ. ಸುಳಿವು ಕಣ್ಣ ಮುಂದೆಯೇ ಇತ್ತು, ನಾನು ಕೇಳಿಕೊಳ್ಳಲಿಲ್ಲ. ಎತ್ತರದಿಂದ ಬಂದ ತೊಂದರೆ ಇಳಿಯುತ್ತಾ ಹೋದ ಹಾಗೆ ಕಮ್ಮಿ ಆಗಬೇಕು. ನನ್ನದು ಇಳಿಯುವಾಗಲೇ ಶುರುವಾಗಿತ್ತು.

ಮೊದಲು ಪಾನಾ ಅಲ್ಲ, ಪ್ರಶ್ನೆ

ಗಾಡಿ ತೊಂದರೆ ಕೊಟ್ಟಾಗ ಟೂಲ್ ಬ್ಯಾಗ್ ಬಿಚ್ಚುವ ಮುಂಚೆ ಮೂರು ವಿಷಯ ನೆನಪು ಮಾಡಿಕೊಳ್ಳಿ. ಮೆಲ್ಲಗೆ ಬಂತಾ, ಥಟ್ಟನೆ ಬಂತಾ? ಏರುವಾಗಲಾ, ಇಳಿಯುವಾಗಲಾ? ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ನೀವು ಗಾಡಿಗೆ ಏನು ಮಾಡಿದಿರಿ? ಪೆಟ್ರೋಲ್ ಹಾಕಿದಿರಾ, ಬಿದ್ದಿರಾ, ನೀರು ದಾಟಿದಿರಾ, ಲಗೇಜ್ ಜಾಗ ಬದಲಾಯಿಸಿದಿರಾ?

ಮೂರನೆಯದನ್ನು ಜನ ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಆದರೆ ಅರ್ಧಕ್ಕರ್ಧ ಉತ್ತರ ಅಲ್ಲೇ ಇರುತ್ತದೆ.

ಮೆಲ್ಲಗೆ, ಏರುತ್ತಾ ಬಂದ ಸುಸ್ತು ಗಾಳಿಯದ್ದು. ಥಟ್ಟನೆ ಬಂದದ್ದು ಗಾಡಿಯದ್ದು. ಗಾಳಿ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ತೆಳುವಾಗುವುದಿಲ್ಲ.

ಏರುತ್ತಾ ಏರುತ್ತಾ ಪಿಕಪ್ ಸತ್ತರೆ

ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಕುಂಜುಮ್ 4,551 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಸುಮಾರು ಶೇ. 56ರಷ್ಟು ಮಾತ್ರ. ಲಡಾಖ್ ಕಡೆಯ ಖಾರ್ದುಂಗ್ ಲಾ (5,359 ಮೀಟರ್) ಮೇಲೆ ಹೆಚ್ಚುಕಮ್ಮಿ ಅರ್ಧ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಊರಲ್ಲಿ 20 ಕುದುರೆ ಬಲ ಕೊಡುವ ಗಾಡಿ ಕುಂಜುಮ್ ಮೇಲೆ 12-13ಕ್ಕೆ ಇಳಿದಿರುತ್ತದೆ. ಅದರ ಮೇಲೆ ನೀವು, ಹಿಂದೆ ಒಬ್ಬರು, ಎರಡು ಚೀಲ, ಒಂದು ಕ್ಯಾನ್. ಮೂರನೇ ಗೇರಲ್ಲಿ ಏರುತ್ತಿದ್ದ ಚಡಾವು ಒಂದನೇ ಗೇರು ಕೇಳಿದರೆ ಅದು ದೋಷವೇ ಅಲ್ಲ. ಒಂದನೇ ಗೇರು ಹಾಕಿ, ಹೋಗಿ.

ಆದರೆ ಕಾರ್ಬೊರೇಟರ್ ಗಾಡಿಗೆ ಇದರ ಜೊತೆ ಇನ್ನೊಂದು ತಾಪತ್ರಯ ಇದೆ. ಗಾಳಿ ಕಮ್ಮಿ ಆಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಪೆಟ್ರೋಲನ್ನು ಊರಿನ ಲೆಕ್ಕದಲ್ಲೇ ಬಿಡುತ್ತದೆ. ಅಕ್ಕಿ ಅರ್ಧ ಹಾಕಿ ನೀರು ಅಷ್ಟೇ ಇಟ್ಟ ಹಾಗೆ. ಅನ್ನ ಆಗಲ್ಲ, ಗಂಜಿ ಆಗುತ್ತದೆ. ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಆಕ್ಸಿಲರೇಟರ್ ಬಿಟ್ಟು ನಿಂತಾಗಿನ ಐಡ್ಲಿಂಗ್‌ನಲ್ಲಿ ತಡವರಿಕೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಮಂಕಾಗಿ ಅರ್ಧಕ್ಕೆ ಬಿಟ್ಟರೆ ಚೇತರಿಸಿಕೊಳ್ಳುವುದು, ಇವೆಲ್ಲ ಅದರ ಗುರುತು. ಪ್ಲಗ್ ಬಿಚ್ಚಿದರೆ ಒಣ ಮಸಿ ಮೆತ್ತಿರುತ್ತದೆ, ಒಲೆಯ ಮೇಲಿನ ಪಾತ್ರೆಯ ತಳದ ಹಾಗೆ. ಸರಿಯಾಗಿ ಉರಿಯುವ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದಲ್ಲಿರಬೇಕು.

ಮೊದಲು ಏರ್ ಫಿಲ್ಟರ್ ನೋಡಿ. ಸ್ಪಿತಿ ದಾರಿ ಕವಲೊಡೆಯುವ ಗ್ರಾಂಫು ದಾಟಿದ ಮೇಲಿನ ದೂಳಲ್ಲಿ ಎರಡು ದಿನಕ್ಕೆ ಅದು ತುಂಬಿಹೋಗುತ್ತದೆ. ಒಳಗಿನಿಂದ ಹೊರಕ್ಕೆ ಊದಿ, ಮೆಲ್ಲಗೆ ತಟ್ಟಿ. ಫಿಲ್ಟರನ್ನೇ ಕಿತ್ತು ಚೀಲಕ್ಕೆ ಹಾಕಿ ಓಡಿಸಿ ಅನ್ನುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಗಾಡಿ ಚುರುಕಾಗುತ್ತದೆ, ನಿಜ. ಜೊತೆಗೆ ಆ ಮರಳು ನೇರ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗ್ ತಿನ್ನುತ್ತದೆ. ನಾನಂತೂ ಮಾಡಲ್ಲ.

ಫಿಲ್ಟರ್ ಚೊಕ್ಕ ಇದ್ದೂ ಮಸಿ ಬರುತ್ತಿದ್ದರೆ ಕಾರ್ಬೊರೇಟರಿನ ಒಳಗೆ ಪೆಟ್ರೋಲಿನ ಅಳತೆ ಹಿಡಿಯುವ ನೀಡಲ್ (ಸೂಜಿ) ಇದೆ, ಅದರ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ನೀಡಲ್ ಕೆಳಗೆ ಕೂರುತ್ತದೆ, ಪೆಟ್ರೋಲ್ ಕಮ್ಮಿ ಆಗುತ್ತದೆ. ಐಡ್ಲಿಂಗ್ ಸರಿಮಾಡುವ ತಿರುಪಿನ ವಿಷಯದಲ್ಲಿ ಮಾತ್ರ ಹುಷಾರು. ತಿರುಪು ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದ್ದು, ಹೊರಕ್ಕೆ ತಿರುಗಿಸಬೇಕು. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದ್ದು, ಒಳಕ್ಕೆ ತಿರುಗಿಸಬೇಕು. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಕೈ ಮೇಲೆ ಪೆನ್ನಲ್ಲಿ ಬರೆದುಕೊಳ್ಳಿ. ಕೆಳಗೆ ಇಳಿದ ಮೇಲೆ ವಾಪಸ್ ಮಾಡಲೇಬೇಕು. ಮರೆತು ಚಂಡೀಗಢದ ಬಿಸಿಲಲ್ಲಿ ಓಡಿಸಿದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾದು ಹಾಳಾಗುತ್ತದೆ.

ಕಾರ್ಬೊರೇಟರ್ ಬದಲು ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಗಾಳಿಯ ಒತ್ತಡ ನೋಡುವ ಸೆನ್ಸರ್ ಇರುತ್ತದೆ. ಪೆಟ್ರೋಲನ್ನು ಅದೇ ಹೊಂದಿಸಿಕೊಳ್ಳುತ್ತದೆ. ಶಕ್ತಿ ಕಮ್ಮಿ ಆಗುವುದು ಅದಕ್ಕೂ ತಪ್ಪಿದ್ದಲ್ಲ, ಆದರೆ ಕಪ್ಪು ಹೊಗೆ ಬರಬಾರದು. ಬಂದರೆ ಫಿಲ್ಟರ್ ಕಟ್ಟಿದೆ, ಇಲ್ಲಾ ಸೆನ್ಸರಿನ ತೊಂದರೆ.

ಓಡುತ್ತಿದ್ದ ಹಾಗೇ ಕೆಮ್ಮಿ ಆಫ್ ಆದರೆ

ಇದು ನನ್ನ ಕಥೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರುತ್ತೇನೆ.

ಕೆಮ್ಮಿ, ಎಳೆದಾಡಿ, ನಿಧಾನಕ್ಕೆ ಸತ್ತರೆ ಪೆಟ್ರೋಲ್ ಕಡೆ ನೋಡಿ. ಸ್ವಿಚ್ ಒತ್ತಿದ ಹಾಗೆ ಒಂದೇ ಏಟಿಗೆ ಸತ್ತರೆ ಕರೆಂಟ್ ಕಡೆ ನೋಡಿ. ಯಾವಾಗಲೂ ಹೀಗೇ ಅಂತಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಇಷ್ಟು ಸಾಕು.

ಪೆಟ್ರೋಲ್ ಕಡೆ ಅಂತ ಅನಿಸಿದರೆ ಕಾರ್ಬೊರೇಟರಿನ ತಳದಲ್ಲಿ ಡ್ರೈನ್ ತಿರುಪು ಇರುತ್ತದೆ. ಎಂಜಿನ್ ತಣ್ಣಗಾಗಲಿ. ಕೆಳಗೆ ಖಾಲಿ ನೀರಿನ ಬಾಟಲಿ ಹಿಡಿದು, ಟ್ಯಾಂಕಿನ ಅಡಿಯ ಪೆಟ್ರೋಲ್ ಟ್ಯಾಪ್ ಆನ್ ಮಾಡಿ, ತಿರುಪು ಸಡಿಲಿಸಿ. ಟ್ಯಾಂಕ್ ಕ್ಯಾಪ್ ಮುಚ್ಚಿಯೇ ಇರಲಿ, ಈಗಲೇ ತೆಗೆಯಬೇಡಿ. ಪೆಟ್ರೋಲ್ ಧಾರೆಯಾಗಿ ಸುರಿದು ಹಾಗೇ ಸುರಿಯುತ್ತಿದ್ದರೆ ಅಲ್ಲಿಯವರೆಗೆ ಎಲ್ಲ ಸರಿ. ಒಳಗಿನ ಜೆಟ್ಟಿಗೆ (ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ ಭಾಗ) ಕಸ ಸಿಕ್ಕಿರಬಹುದು, ಇಲ್ಲಾ ಪ್ಲಗ್ ಕಿಡಿ ಕೊಡುತ್ತಿಲ್ಲ. ಧಾರೆ ಸಣ್ಣಗಾಗಿ ತೊಟ್ಟಿಕ್ಕಿ ನಿಂತರೆ, ಈಗ ಕ್ಯಾಪ್ ತೆಗೆಯಿರಿ. ಧಾರೆ ಮತ್ತೆ ಬಂತಾ? ದೋಷ ಕ್ಯಾಪಿನದ್ದು. ಬರಲಿಲ್ಲವಾ? ಟ್ಯಾಪ್, ಅದರ ಜಾಲರಿ, ಇಲ್ಲಾ ಪೈಪು. ಐದು ನಿಮಿಷದ ಕೆಲಸ. ನಾನು ಇಷ್ಟು ಮಾಡಿದ್ದರೆ ತಿರುಪು ಹುಡುಕುತ್ತಾ ಮಂಡಿಯೂರುವುದು ತಪ್ಪುತ್ತಿತ್ತು.

ಇಳಿಯುವಾಗಲೇ ಯಾಕೆ? ಕುಂಜುಮ್ ಮೇಲೆ ನೀರು ಕುಡಿದು ಮುಚ್ಚಳ ಬಿಗಿದ ಖಾಲಿ ಬಾಟಲಿಯನ್ನು ಕೆಳಗಿನ ಕಾಜಾ ಊರಲ್ಲಿ ಚೀಲದಿಂದ ಹೊರತೆಗೆದು ನೋಡಿ, ಸೊಟ್ಟಗೆ ಒಳಸೇರಿರುತ್ತದೆ. ಕೆಳಗಿಳಿದ ಹಾಗೆ ಹೊರಗಿನ ಒತ್ತಡ ಏರುತ್ತದೆ, ಒಳಗಿನದು ಮೇಲಿದ್ದಷ್ಟೇ. ಟ್ಯಾಂಕ್ ತಗಡಿನದ್ದು, ಸೊಟ್ಟ ಆಗಲ್ಲ, ಪೆಟ್ರೋಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಎತ್ತರದಲ್ಲಿ 300 ಮೀಟರ್ ಇಳಿದರೆ ಆಗುವ ಒತ್ತಡದ ವ್ಯತ್ಯಾಸ ಸುಮಾರು 30 ಸೆಂಟಿಮೀಟರ್ ಪೆಟ್ರೋಲಿನ ಭಾರಕ್ಕೆ ಸಮ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯುವುದೇ ಅಷ್ಟರ ಭಾರದಿಂದ. ಆಟ ಅಲ್ಲಿಗೆ ಮುಗಿಯಿತು. ಅರ್ಧ ಗಂಟೆ ನಿಂತ ಮೇಲೆ ಸ್ಟಾರ್ಟ್ ಆಗಿದ್ದು ನನ್ನ ಪ್ಲಗ್ ಸೇವೆಯಿಂದಲ್ಲ. ಬಿಸಿಲಿಗೆ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ಒಂದಿಷ್ಟು ಪೆಟ್ರೋಲ್ ಕೆಳಗೆ ತಳ್ಳಿತ್ತು.

ಏರುವಾಗ ಇದೇ ಲೆಕ್ಕ ಉಲ್ಟಾ. ಮನಾಲಿಯಲ್ಲಿ ಬಿಗಿದ ಪೆಟ್ರೋಲ್ ಕ್ಯಾನ್ ಮೇಲೆ ಹೋದ ಹಾಗೆ ಚಿಪ್ಸ್ ಪ್ಯಾಕೆಟ್ ಥರ ಉಬ್ಬುತ್ತದೆ. ಅದನ್ನು ಸೈಲೆನ್ಸರಿನಿಂದ ದೂರ ಕಟ್ಟಿ. ತೆಗೆಯುವಾಗ ಎಂಜಿನ್ ಆಫ್ ಇರಲಿ, ಮುಚ್ಚಳ ಒಮ್ಮೆಲೇ ತೆಗೆಯದೆ ಸ್ವಲ್ಪ ಸಡಿಲಿಸಿ ಗಾಳಿ ಹೋಗಲು ಬಿಡಿ.

ಪ್ಲಾಸ್ಟಿಕ್ ಇಡದೆಯೂ ಕ್ಯಾಪ್ ಕಟ್ಟುತ್ತದೆ. ದೂಳು ಮತ್ತು ಮಳೆ ಸೇರಿ ಕೆಸರಾಗಿ ತೂತು ಮುಚ್ಚಬಹುದು. ಟ್ಯಾಂಕ್ ಬ್ಯಾಗ್ ಅದರ ಮೇಲೆ ಕೂತಿರಬಹುದು. ಹೊಸ ಗಾಡಿಗಳಲ್ಲಿ ಟ್ಯಾಂಕಿನ ಗಾಳಿ ಒಂದು ಪೈಪಿನ ಮೂಲಕ ಹೋಗಿ ಬರುತ್ತದೆ. ಸರ್ವಿಸ್ ಮಾಡಿ ಟ್ಯಾಂಕ್ ಕೂರಿಸುವಾಗ ಅದು ಅಡಿಗೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಇರುವುದರಿಂದ ಅದು ಇನ್ನಷ್ಟು ದೂರ ಎಳೆಯುತ್ತದೆ, ಆಮೇಲೆ ಕೈಕೊಡುತ್ತದೆ.

ಬಾಟಲಿಗೆ ಬಿಟ್ಟ ಪೆಟ್ರೋಲನ್ನು ಚೆಲ್ಲುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಪಾದರಸದ ಥರ ಉಂಡೆಯುಂಡೆ ಓಡಾಡಿದರೆ ಅದು ನೀರು. ಅಂಗಡಿಯಲ್ಲಿ ಬಾಟಲಿ ಪೆಟ್ರೋಲ್ ಕೊಂಡಿದ್ದರೆ ಮೊದಲ ಅನುಮಾನ ಅದರ ಮೇಲೆ. ನೀರು ಬರುವುದು ನಿಲ್ಲುವವರೆಗೆ ಡ್ರೈನ್ ಮಾಡಿ.

ಕಾರ್ಬೊರೇಟರ್ ಬಿಚ್ಚಲೇಬೇಕಾದರೆ ಹೆಲ್ಮೆಟ್ಟನ್ನು ಬಾಯಿ ಮೇಲಾಗಿ ಇಟ್ಟು ಅದರೊಳಗೆ ಬಟ್ಟೆ ಹಾಸಿ, ತಿರುಪುಗಳನ್ನೆಲ್ಲ ಅದಕ್ಕೇ ಹಾಕಿ. ಜೆಟ್ಟಿನ ತೂತಿಗೆ ತಂತಿ ತುರುಕಬೇಡಿ, ದೊಡ್ಡದಾಗುತ್ತದೆ. ಬಾಯಲ್ಲಿ ಊದಿದರೆ ಸಾಕು.

ನನ್ನ ಕ್ಯಾಪಿಗೆ ಲೋಸರಲ್ಲಿ ಹಳೇ ಟ್ಯೂಬಿನಿಂದ ಉಂಗುರದ ಥರ ವಾಷರ್ ಕತ್ತರಿಸಿ ಹಾಕಿದೆ, ನಡುವೆ ಖಾಲಿ ಬಿಟ್ಟು. ಪೆಟ್ರೋಲಿಗೆ ಆ ರಬ್ಬರ್ ಉಬ್ಬುತ್ತದೆ. ಒಂದೆರಡು ದಿನಕ್ಕಷ್ಟೇ ಆ ಉಪಾಯ.

ಸೆಲ್ಫ್ ಒತ್ತಿದರೆ ಸದ್ದೇ ಇಲ್ಲ

ನಗಬೇಡಿ, ಮೊದಲು ಹ್ಯಾಂಡಲ್ ಮೇಲಿನ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ನೋಡಿ. ದಪ್ಪ ಗ್ಲೌಸ್ ತಗುಲಿ ಆಫ್ ಆಗಿರುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡ್ ಸ್ವಿಚ್. ನಾಲಾ (ದಾರಿಗೆ ಅಡ್ಡ ಹರಿಯುವ ತೊರೆ) ದಾಟಿದ ಮೇಲೆ ಸ್ವಿಚ್ಚಿನೊಳಗೆ ಕೆಸರು ಸೇರಿ, ಸ್ಟ್ಯಾಂಡ್ ಎತ್ತಿದರೂ ಇಳಿದೇ ಇದೆ ಅಂತ ಗಾಡಿ ಅಂದುಕೊಳ್ಳುತ್ತದೆ. ನೀರು ಹೊಯ್ದು ಹತ್ತು ಸಲ ಎತ್ತಿ ಇಳಿಸಿ.

ಗಾಡಿ ಬಿದ್ದ ಮೇಲೆ ಸ್ಟಾರ್ಟ್ ಆಗುತ್ತಿಲ್ಲವಾ? ತುಂಬಾ ಇಂಜೆಕ್ಷನ್ ಗಾಡಿಗಳಲ್ಲಿ ವಾಲಿದ್ದನ್ನು ಗುರುತಿಸುವ ಸೆನ್ಸರ್ ಇದೆ, ಬಿದ್ದ ಕೂಡಲೇ ಎಂಜಿನ್ ನಿಲ್ಲಿಸುತ್ತದೆ. ನೇರ ನಿಲ್ಲಿಸಿ, ಕೀ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ. ಎರಡು ಸೆಕೆಂಡ್ ಝುಂಯ್ ಅಂತ ಪಂಪ್ ಸದ್ದು ಕೇಳಿದರೆ ಅರ್ಧ ಗೆದ್ದಿರಿ. ಕೇಳದಿದ್ದರೆ ಫ್ಯೂಸ್.

ಬೆಳಿಗ್ಗೆ ಚಳಿಯಲ್ಲಿ ಟಕ್ ಟಕ್ ಅಂದು ಸುಮ್ಮನಾದರೆ ಬ್ಯಾಟರಿ. ಅದಕ್ಕಿಂತ ಮುಂಚೆ ಟರ್ಮಿನಲ್ ಅಲ್ಲಾಡಿಸಿ ನೋಡಿ. ಆ ಕಲ್ಲು ದಾರಿಯ ಕುಲುಕಾಟಕ್ಕೆ ಬೋಲ್ಟ್ ಸಡಿಲ ಆಗುವುದು ಮಾಮೂಲಿ. ಚಿಕ್ಕ ಮೀಟರ್ ಇದ್ದರೆ ಒಳ್ಳೆಯದು: ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು, 12ಕ್ಕಿಂತ ಕೆಳಗಿದ್ದರೆ ಸೆಲ್ಫ್ ಎತ್ತುವುದು ಕಷ್ಟ. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 13.5ರಿಂದ 14.5 ಬರದಿದ್ದರೆ ಚಾರ್ಜ್ ಆಗುತ್ತಿಲ್ಲ. ಸಪಾಟು ಜಾಗದಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ಹುಮ್ಮಸ್ಸು ಬೇಡ. 4,000 ಮೀಟರಲ್ಲಿ ಇಪ್ಪತ್ತು ಹೆಜ್ಜೆ ತಳ್ಳಿದರೆ ಕಣ್ಣು ಕತ್ತಲೆ ಬರುತ್ತದೆ. ಇಳಿಜಾರು ನೋಡಿ, ಎರಡನೇ ಗೇರಲ್ಲಿ ಬಿಡಿ. ರಾತ್ರಿ ನಿಲ್ಲಿಸುವಾಗಲೇ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಇನ್ನೂ ವಾಸಿ.

ಕಾರ್ಬೊರೇಟರ್ ಗಾಡಿಗೆ ಅಲ್ಲಿ ಚೋಕ್ ಕಮ್ಮಿಯೇ ಸಾಕು. ಜಾಸ್ತಿ ಎಳೆದು ಕಿಕ್ ಹೊಡೆದರೆ ಪ್ಲಗ್ ಒದ್ದೆ ಆಗುತ್ತದೆ. ಆಗ ಚೋಕ್ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಐದಾರು ಕಿಕ್ ಹೊಡೆಯಿರಿ.

ನೀರಿನ ಮಧ್ಯೆ ಆಫ್ ಆದರೆ

ಸೆಲ್ಫ್ ಒತ್ತಬೇಡಿ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ತಡೆಯಿರಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಟ್ರಿಪ್ ಮುಗಿದ ಹಾಗೆ.

ತಳ್ಳಿ ದಡ ಸೇರಿಸಿ. ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಫಿಲ್ಟರ್ ಒಣಗಿದ್ದರೆ ಎಂಜಿನ್ನಿಗೆ ನೀರು ಹೋಗಿಲ್ಲ, ಬರೀ ಪ್ಲಗ್ ಕ್ಯಾಪ್ ಒದ್ದೆಯಾಗಿದೆ, ಒರೆಸಿ ಹಾಕಿ. ಫಿಲ್ಟರ್ ಒದ್ದೆ ಇದ್ದರೆ ಪ್ಲಗ್ ಬಿಚ್ಚಿ, ಕಿಲ್ ಸ್ವಿಚ್ ಆಫ್ ಇಟ್ಟು, ಮೆಲ್ಲಗೆ ಕಿಕ್ ಒತ್ತಿ. ಕಿಕ್ ಇಲ್ಲದ ಗಾಡಿಯಾದರೆ ಮೇಲಿನ ಗೇರು ಹಾಕಿ ಹಿಂದಿನ ಚಕ್ರ ತಿರುಗಿಸಿ. ಪ್ಲಗ್ಗಿನ ತೂತಿನಿಂದ ನೀರು ಚಿಮ್ಮುತ್ತದೆ, ಮುಖ ಹತ್ತಿರ ಬೇಡ. ಚಿಮ್ಮುವುದು ನಿಂತ ಮೇಲೆ ಎಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ ಬದಲಾಯಿಸದೆ ಓಡಿಸಬೇಡಿ.

ಕುಂಜುಮ್ ಏರುವ ಮುಂಚೆ ಸಿಗುವ ಛತ್ರು-ಬಾತಲ್ ನಡುವಿನ ನಾಲಾಗಳು ಹಿಮ ಕರಗಿದ ನೀರಿನವು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಮಧ್ಯಾಹ್ನದ ಮೇಲೆ ಮಂಡಿಗೆ ಬರುತ್ತದೆ. ಈ ದೋಷಕ್ಕೆ ಒಳ್ಳೆಯ ಔಷಧ ಅಂದರೆ ಬೇಗ ಏಳುವುದು.

ಎಂಜಿನ್ ಕೂಗುತ್ತದೆ, ಗಾಡಿ ಹೋಗಲ್ಲ

ರೇಸ್ ಕೊಟ್ಟರೆ ಸದ್ದು ಏರುತ್ತದೆ, ವೇಗ ಏರಲ್ಲ, ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಜಾರುತ್ತಿದೆ. ಶಕ್ತಿ ಕಮ್ಮಿ ಆದಾಗ ಅರ್ಧ ಕ್ಲಚ್ ಹಿಡಿದೇ ಚಡಾವು ಏರುವ ಅಭ್ಯಾಸದಿಂದ ಹೀಗಾಗುತ್ತದೆ. ಅರ್ಧ ಗಂಟೆ ಆರಲು ಬಿಡಿ. ಕೇಬಲ್ ಕ್ಲಚ್ ಆದರೆ ಲಿವರಿನ ಬುಡದಲ್ಲಿ ಎರಡು-ಮೂರು ಮಿಲಿಮೀಟರ್ ಸಡಿಲ ಇರಬೇಕು. ಬಿಗಿಯಾಗಿದ್ದರೆ ಪ್ಲೇಟ್ ಪೂರ್ತಿ ಕೂರುವುದೇ ಇಲ್ಲ. ಆರಿದ ಮೇಲೂ ಜಾರಿದರೆ ಲಗೇಜು ಬೇರೆ ಗಾಡಿಗೆ ಹಾಕಿ, ಒಂದನೇ ಗೇರಲ್ಲಿ ಕ್ಲಚ್ ಪೂರ್ತಿ ಬಿಟ್ಟು ನಡೆಸಿಕೊಂಡು ಹೋಗಿ.

ಚೈನು, ಚಕ್ರದ ಕಡ್ಡಿ, ಕ್ಯಾರಿಯರ್ ಬೋಲ್ಟು ಇವನ್ನು ದಿನಾ ಸಂಜೆ ಕೈಯಲ್ಲಿ ಮುಟ್ಟಿ ನೋಡಿದರೆ ಸಾಕು. ಕಡ್ಡಿಗಳನ್ನು ಪಾನಾದಿಂದ ತಟ್ಟಿ. ಟಿಣ್ ಅನ್ನದೆ ಡಬ್ ಅಂದದ್ದು ಸಡಿಲ.

ಸವಾರನನ್ನೂ ನೋಡಿ

ಆ ದಿನ ನನಗೆ ಬೆಳಿಗ್ಗೆಯಿಂದ ತಲೆನೋವಿತ್ತು, ನಿದ್ದೆ ಸರಿ ಆಗಿರಲಿಲ್ಲ. ಒಂದೇ ಪ್ಲಗ್ಗನ್ನು ಮೂರು ಸಲ ಬಿಚ್ಚಿದ್ದೆ ಅಂತ ಗೆಳೆಯ ಆಮೇಲೆ ಹೇಳಿದ. ಎತ್ತರದಲ್ಲಿ ಬುದ್ಧಿಯೂ ಐಡ್ಲಿಂಗಲ್ಲಿ ತಡವರಿಸುತ್ತದೆ. ಹತ್ತು ನಿಮಿಷ ಕೂತು, ನೀರು ಕುಡಿದು, ಆಮೇಲೆ ಕೈ ಹಾಕಿ. ನಡೆದರೆ ತೂರಾಡುತ್ತಿದ್ದರೆ, ಮಾತು ಗೊಂದಲ ಆದರೆ, ಗಾಡಿ ಅಲ್ಲೇ ಬಿಟ್ಟು ಮನುಷ್ಯನನ್ನು ಕೆಳಗೆ ಇಳಿಸಿ. ಗಾಡಿ ಎಲ್ಲೂ ಹೋಗಲ್ಲ.

ಪೆಟ್ರೋಲ್ ಬರುತ್ತಿದೆ, ಕಿಡಿ ಇದೆ, ಫಿಲ್ಟರ್ ಚೊಕ್ಕ ಇದೆ, ಆದರೂ ಸ್ಟಾರ್ಟ್ ಇಲ್ಲ ಅಂದರೆ ವಾಲ್ವ್ ಅಥವಾ ಕಂಪ್ರೆಷನ್ ತೊಂದರೆ. ಅದು ರಸ್ತೆ ಬದಿಯ ಕೆಲಸ ಅಲ್ಲ. ಕತ್ತಲಾಗುವ ಮುಂಚೆ ಕಾಜಾ ಕಡೆ ಹೋಗುವ ಪಿಕಪ್ಪಿಗೆ ಕೈ ತೋರಿಸಿ. ಹತ್ತಿಸುವ ಮುಂಚೆ ಪೆಟ್ರೋಲ್ ಟ್ಯಾಪ್ ಆಫ್ ಮಾಡಿ, ಹತ್ತಿಸಿದ ಮೇಲೆ ಗೇರಲ್ಲಿ ನಿಲ್ಲಿಸಿ. ಹಗ್ಗವನ್ನು ಹ್ಯಾಂಡಲ್ ತುದಿಗೆ ಕಟ್ಟಬೇಡಿ. ಮುಂದಿನ ಫೋರ್ಕ್ ಹಿಡಿದಿರುವ ದಪ್ಪ ಬ್ರಾಕೆಟ್ಟಿಗೆ ಎರಡೂ ಕಡೆಯಿಂದ ಕಟ್ಟಿ, ಶಾಕ್ ಅರ್ಧ ಕುಗ್ಗುವಷ್ಟು ಎಳೆಯಿರಿ. ಸೈಡ್ ಸ್ಟ್ಯಾಂಡ್ ಮೇಲೆ ಬೇಡ. ಎರಡು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಗಂಟು ನೋಡಿ, ಆ ಕುಲುಕಾಟಕ್ಕೆ ಸಡಿಲ ಆಗಿರುತ್ತದೆ.